ಕಡಲಿಗೊಂದು ರಹದಾರಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಬಳಸದ ಕನ್ನಡಿಗನಿಲ್ಲ. ಹೇರೆತ್ತುಗಳನ್ನು ಹೊಡೆದುಕೊಂಡು ಘಟ್ಟವಿಳಿದು, ಕಟ್ಟೆಯ ಮುಂದೆ ಬಿಸಿಲಲ್ಲಿ ಕಾದು ನಿಂತ ವರ್ತಕರ ನಿಟ್ಟುಸಿರೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ. ಹಾಗಿದ್ದೂ ಸುಂಕದವರನ್ನು ಮನಸಾರೆ ಹೊಗಳಿದ ಪ್ರವಾಸಿಯೊಬ್ಬ ನಮ್ಮ ಇತಿಹಾಸದಲ್ಲಿ ಸಿಗುತ್ತಾನೆ. ಅವನು ಹೆರಾತಿನ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕ್. 1442ರಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಮರುವರ್ಷ ಮಂಗಳೂರಿನ ಮೇಲೆ ಹಾದು ವಿಜಯನಗರಕ್ಕೆ ಬಂದು, ಕೊನೆಗೆ ಹೊನ್ನಾವರದಿಂದ ಹಡಗು ಹತ್ತಿ ಹಿಂದಿರುಗಿದವನು. ವಿಜಯನಗರದ ವೈಭವವನ್ನು ಕುರಿತ ಅವನ ಮಾತುಗಳು ನಮ್ಮ ಶಾಲೆಯ ಪುಸ್ತಕಗಳವರೆಗೂ ಬಂದಿವೆ. ಕಲ್ಲಿಕೋಟೆಯ ಬಂದರನ್ನು ಕುರಿತು ಅವನು ಬರೆದದ್ದನ್ನು ಮಾತ್ರ ಯಾರೂ ಅಷ್ಟಾಗಿ ನೆನೆಯುವುದಿಲ್ಲ.

ಅಲ್ಲಿ ವರ್ತಕರು ಸರಕನ್ನು ಹಡಗಿನಿಂದ ಇಳಿಸಿ, ಲೆಕ್ಕವನ್ನು ಕೂಡ ನೋಡದೆ ಬೀದಿಯಲ್ಲಿಯೇ ಬಿಟ್ಟು ಹೋಗುತ್ತಾರಂತೆ. ಸುಂಕದ ಅಧಿಕಾರಿಗಳು ಹಗಲಿರುಳೂ ಅದಕ್ಕೆ ಕಾವಲಿರುತ್ತಾರೆ. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ. ಆಗದಿದ್ದರೆ ಕಾಸೂ ಇಲ್ಲ. ಬೇರೆ ಬಂದರುಗಳಲ್ಲಿ ಗಾಳಿಗೆ ಸಿಕ್ಕಿ ದಿಕ್ಕುತಪ್ಪಿ ಬಂದ ಹಡಗನ್ನು ದೇವರು ಕಳುಹಿಸಿದ ಪಾಲೆಂದು ಊರವರು ದೋಚಿಕೊಳ್ಳುತ್ತಿದ್ದರೆ, ಇಲ್ಲಿ ಎಲ್ಲಿಂದ ಬಂದ ಹಡಗಾದರೂ ಸರಿ, ಉಳಿದವುಗಳಿಗೆ ಸಲ್ಲುವ ಮರ್ಯಾದೆಯೇ ಅದಕ್ಕೂ ಸಲ್ಲುತ್ತಿತ್ತು. ಸಾಮೂದಿರಿಯ ಆ ಊರಿನಲ್ಲಿ ಬೆಳೆಯುತ್ತಿದ್ದದ್ದು ಅಷ್ಟಕ್ಕಷ್ಟೆ. ನಂಬಿಕೆಯೇ ಅದರ ನಿಜವಾದ ಉತ್ಪನ್ನ. ಆ ನಂಬಿಕೆಯ ಮೇಲೆ ಚೀನದಿಂದಲೂ ಏಡನ್ನಿನಿಂದಲೂ ಹಡಗುಗಳು ಬಂದು ಸೇರುತ್ತಿದ್ದುವು.

ಇದನ್ನು ಓದಿ, ಪರಂಗಿಯವರು ಬರುವ ಮೊದಲು ನಮ್ಮ ಕಡಲಲ್ಲಿ ರಾಮರಾಜ್ಯವಿತ್ತೆಂದು ಹೇಳುವವರುಂಟು. ಅಂಥವರು ಅಬ್ದುರ್ ರಜಾಕನಿಗಿಂತ ನೂರು ವರ್ಷ ಹಿಂದಿನ ಇಬ್ನ್ ಬತೂತನನ್ನೂ ಓದಬೇಕು. ಅವನು ಬಾರ್ಕೂರಿನಲ್ಲಿ ಕಂಡದ್ದು ಬೇರೆಯೇ ಚಿತ್ರ. ಊರಿನ ಮುಂದೆ ಹಾದುಹೋಗುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಲೇಬೇಕು. ಅದು ‘ಬಂದರಿನ ಹಕ್ಕು’. ಕೊಡದೆ ಜಾರಿಕೊಂಡವನನ್ನು ಬೆನ್ನಟ್ಟಿ ಎಳೆತಂದು, ಇಮ್ಮಡಿ ಸುಂಕ ಹೇರಿ, ತಮಗೆ ಬೇಕಾದಷ್ಟು ದಿನ ನಿಲ್ಲಿಸಿಕೊಳ್ಳುತ್ತಿದ್ದರು. ಬಾರ್ಕೂರಿನ ಅರಸನ ಬಳಿ ಮೂವತ್ತು ಯುದ್ಧನೌಕೆಗಳಿದ್ದುವು. ಆದ್ದರಿಂದ ಬಲವಿದ್ದವನು ದಾರಿಹೋಕರಿಂದ ವಸೂಲು ಮಾಡುವ ವಿದ್ಯೆಯನ್ನು ನಮಗೆ ಯಾರೂ ಹೊರಗಿನಿಂದ ಬಂದು ಕಲಿಸಲಿಲ್ಲ. ಆದರೆ ಬಾರ್ಕೂರಿನ ಅರಸನ ಕೈ ಅವನ ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಚಾಚುತ್ತಿತ್ತು. ಕರೆ ಬಿಟ್ಟು ಒಳಗಡಲಿನಲ್ಲಿ ಹೋಗುವವನನ್ನು ಕೇಳುವವರು ಯಾರೂ ಇರಲಿಲ್ಲ. ಸಮುದ್ರವೇ ನನ್ನದು ಎಂಬ ಮಾತು ಇಲ್ಲಿನ ಯಾವ ದೊರೆಯ ಬಾಯಿಯಲ್ಲಿಯೂ ಬಂದಿರಲಿಲ್ಲ.

ಆ ಮಾತು ಬಂದದ್ದು ಲಿಸ್ಬನ್ನಿನಿಂದ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಯನ್ನು ಕಂಡು ಹಿಂದಿರುಗಿದ್ದೇ ತಡ, ಪೋರ್ಚುಗಲ್ಲಿನ ದೊರೆ ಮನುವೆಲ್ ಇಥಿಯೋಪಿಯ, ಅರೇಬಿಯ, ಪರ್ಷಿಯ, ಇಂಡಿಯಗಳ ‘ನೌಕಾಯಾನ, ದಿಗ್ವಿಜಯ ಮತ್ತು ವಾಣಿಜ್ಯಗಳ ಒಡೆಯ’ ಎಂಬ ಬಿರುದನ್ನು ಧರಿಸಿದ. ಆಗ ಈ ದೇಶಗಳಲ್ಲಿ ಅವನಿಗೆ ಸೇರಿದ ಒಂದು ಗುಡಿಸಲೂ ಇರಲಿಲ್ಲ. 1502ರಲ್ಲಿ ಗಾಮ ಎರಡನೆಯ ಸಲ ಬಂದಾಗ ಈ ಬಿರುದಿನ ಅರ್ಥವೇನೆಂಬುದು ನಮ್ಮ ಕರಾವಳಿಗೆ ತಿಳಿಯಿತು. ಏಳಿಮಲೆಯ ಬಳಿ, ಮೆಕ್ಕಾ ಯಾತ್ರೆ ಮುಗಿಸಿ ಹೆಂಗಸರು ಮಕ್ಕಳೊಡನೆ ಹಿಂದಿರುಗುತ್ತಿದ್ದ ನೂರಾರು ಜನರ ಹಡಗನ್ನು ಅವನು ತಡೆದು, ಸರಕನ್ನು ತೆಗೆದುಕೊಂಡು, ಜನರನ್ನು ಹಡಗಿನೊಡನೆಯೇ ಸುಟ್ಟ. ಇದನ್ನು ಬರೆದಿಟ್ಟವರು ಶತ್ರುಗಳಲ್ಲ, ಅವನ ಪಡೆಯಲ್ಲಿಯೇ ಇದ್ದು ಕಣ್ಣಾರೆ ಕಂಡವರು. ಅದೇ ಯಾತ್ರೆಯಲ್ಲಿ ಭಟ್ಕಳವೂ ಅವನ ತೋಪುಗಳನ್ನು ಕಂಡಿತು. ಭಟ್ಕಳದವರ ಮೇಲೆ ಹೇರಿದ ಷರತ್ತುಗಳನ್ನು ಪೋರ್ಚುಗೀಸ್ ಚರಿತ್ರಕಾರ ಕೊರೆಯ ಕೊಡುತ್ತಾನೆ: ತುರ್ಕರನ್ನು ಸೇರಿಸಬಾರದು, ಮೆಣಸಿನ ವ್ಯಾಪಾರ ಮಾಡಬಾರದು, ಕಲ್ಲಿಕೋಟೆಗೆ ಹೋಗಬಾರದು, ಮೇಲಾಗಿ ವರ್ಷಕ್ಕೆ ಸಾವಿರ ಹೊರೆ ಸಾಧಾರಣ ಅಕ್ಕಿ, ಐನೂರು ಹೊರೆ ಒಳ್ಳೆಯ ಅಕ್ಕಿ ಕಪ್ಪ. ಸಾಧಾರಣ ಅಕ್ಕಿ ಆಳುಗಳಿಗೆ, ಒಳ್ಳೆಯದು ನಾಯಕರಿಗೆ. ಈ ಅಕ್ಕಿಯ ಮಾತನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಪರಂಗಿಯವರ ರಹದಾರಿ ಹುಟ್ಟಿದ್ದೂ ಆಗಲೇ. ಅದಕ್ಕೆ ಅವರು ಇಟ್ಟ ಹೆಸರು ‘ಕರ್ತಾಜ್’. ಅರಬ್ಬಿಯಲ್ಲಿ ಕಾಗದಕ್ಕೆ ‘ಕಿರ್ತಾಸ್’ ಎನ್ನುತ್ತಾರೆ. ಅರಬರ ವ್ಯಾಪಾರವನ್ನು ಕಟ್ಟಿಹಾಕಲು ಅರಬರ ಮಾತನ್ನೇ ಎರವಲು ತಂದರು. ಹಡಗಿನ ಹೆಸರು, ಅದರ ಗಾತ್ರ, ನಾಖುದನ ಹೆಸರು, ಆಳುಗಳೆಷ್ಟು, ಆಯುಧಗಳೆಷ್ಟು, ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಮೆಣಸು, ಕುದುರೆ, ಕಬ್ಬಿಣ, ಮದ್ದುಗುಂಡು ಮೊದಲಾದುವನ್ನು ಅಪ್ಪಣೆಯಿಲ್ಲದೆ ಒಯ್ಯುವಂತಿಲ್ಲ. ತುರ್ಕರನ್ನು ಹತ್ತಿಸಿಕೊಳ್ಳುವಂತಿಲ್ಲ. ಹೋಗುತ್ತಲೋ ಬರುತ್ತಲೋ ಪರಂಗಿಯವರ ಕೋಟೆಯಿದ್ದ ಬಂದರಿಗೆ ಹೋಗಿ ಸುಂಕ ಕಟ್ಟಬೇಕು. ಕಾಗದದ ಬೆಲೆ ಅಲ್ಪ; ಈ ಸುಂಕವೇ ಅದರ ನಿಜವಾದ ಬೆಲೆ. ಕಾಗದವಿಲ್ಲದೆ ಸಿಕ್ಕಿಬಿದ್ದರೆ ಹಡಗು ಮುಟ್ಟುಗೋಲು, ಜನರಿಗೆ ಸಾವು ಇಲ್ಲವೆ ಹುಟ್ಟುಹಾಕುವ ಜೀತ. ಮುಟ್ಟುಗೋಲಾದ ಸರಕನ್ನು ಕೂಗಿ ಮಾರುವುದಕ್ಕೆ ಅವರ ಭಾಷೆಯಲ್ಲಿ ‘ಲೆಯ್ಲಾವ್’ ಎಂದು ಹೆಸರು. ನಾವು ಇಂದಿಗೂ ಮನೆ ಜಮೀನುಗಳ ‘ಲಿಲಾವು’ ಎಂದು ಹೇಳುವುದು ಆ ಮಾತನ್ನೇ.

ಈ ಕಾಗದದ ಮುಂದೆ ಚಕ್ರವರ್ತಿಗಳೂ ತಲೆ ಬಾಗಿಸಬೇಕಾಯಿತು. ಗುಜರಾತನ್ನು ಗೆದ್ದು ಕಡಲಂಚಿಗೆ ಬಂದ ಅಕ್ಬರನಿಗೆ ವರ್ಷಕ್ಕೆ ಒಂದು ಹಡಗಿನ ಮಟ್ಟಿಗೆ ಪುಕ್ಕಟೆಯಾಗಿ ಕರ್ತಾಜ್ ಕೊಡುವುದೆಂದು ಏರ್ಪಾಡಾಯಿತು. ಹಿಂದೂಸ್ಥಾನದ ಪಾದಶಹನಿಗೆ ಗೋವೆಯವರು ತೋರಿಸಿದ ಔದಾರ್ಯ ಇಷ್ಟು! ಅವನ ಸೋದರತ್ತೆ ಗುಲ್‌ಬದನ್ ಬೇಗಂ ಹಜ್ ಯಾತ್ರೆಗೆ ಹೊರಟಾಗ ಈ ಕಾಗದದ ಸಲುವಾಗಿ ಸೂರತಿನಲ್ಲಿ ಕಾದು ಕುಳಿತಿರಬೇಕಾಯಿತು. ಕರ್ತಾಜಿನ ಮೇಲೆ ಮೇರಿಯ, ಏಸುವಿನ ಚಿತ್ರಗಳ ಮುದ್ರೆಯಿರುತ್ತಿತ್ತು. ಇಂಥ ಕಾಗದ ಹಿಡಿದು ಹೋಗುವುದು ವಿಗ್ರಹಾರಾಧನೆಗೆ ಸಮ, ಆದ್ದರಿಂದ ಹಿಂದೂಸ್ಥಾನದ ಮುಸಲ್ಮಾನರಿಗೆ ಹಜ್ ಕಡ್ಡಾಯವಲ್ಲವೆಂದು ಆಸ್ಥಾನದ ಮೌಲ್ವಿಯೊಬ್ಬ ಫತ್ವಾ ಕೊಟ್ಟನೆಂದು ಬದಾಯೂನಿ ಬರೆದಿದ್ದಾನೆ. ಸುಂಕದ ಕಟ್ಟೆ ಧರ್ಮಶಾಸ್ತ್ರದೊಳಕ್ಕೂ ನುಗ್ಗಿದ್ದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇದಕ್ಕೆಲ್ಲ ನ್ಯಾಯವೇನು? ಈ ಪ್ರಶ್ನೆ ಪರಂಗಿಯವರಿಗೂ ಹೊಳೆಯದೆ ಇರಲಿಲ್ಲ. ಅವರ ಚರಿತ್ರಕಾರ ಬಾರೊಸ್ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಸಮುದ್ರ ಎಲ್ಲರಿಗೂ ಸೇರಿದ್ದೆಂಬುದು ನಿಜವೇ. ಆದರೆ ಆ ನ್ಯಾಯ ಯುರೋಪಿನ ಕ್ರೈಸ್ತರಿಗೆ ಸಲ್ಲತಕ್ಕದ್ದು, ಮುಸಲ್ಮಾನರಿಗಾಗಲಿ ಹಿಂದೂಗಳಿಗಾಗಲಿ ಸಲ್ಲುವುದಿಲ್ಲ ಎಂಬುದು ಅವನ ವಾದದ ಸಾರ. ಮುಂದೆ 1603ರಲ್ಲಿ ಡಚ್ಚರು ಸಿಂಗಪುರದ ಬಳಿ ಪೋರ್ಚುಗೀಸರ ‘ಸಂತ ಕಟರೀನ’ ಎಂಬ ಹಡಗನ್ನು ಹಿಡಿದಾಗ ಆಟ ತಿರುಗಿತು. ಅದನ್ನು ಸಮರ್ಥಿಸಲು ಹೊರಟ ತರುಣ ವಕೀಲ ಗ್ರೋಷಿಯಸ್, ಕಡಲಿಗೆ ಒಡೆಯನಿಲ್ಲ, ವ್ಯಾಪಾರ ಎಲ್ಲ ಜನಾಂಗಗಳ ಹಕ್ಕು ಎಂದು ವಾದಿಸಿದ ಪುಸ್ತಕ 1609ರಲ್ಲಿ ಅಚ್ಚಾಯಿತು. ಅಂತರರಾಷ್ಟ್ರೀಯ ನ್ಯಾಯದ ಮೂಲಗ್ರಂಥವೆಂದು ಅದನ್ನು ಇಂದಿಗೂ ಓದುತ್ತಾರೆ. ಕೆಲವು ವರ್ಷ ಕಳೆಯುವುದರೊಳಗಾಗಿ ಡಚ್ಚರೂ ಈ ಕಡಲಿನಲ್ಲಿ ತಮ್ಮ ರಹದಾರಿಗಳನ್ನು ಮಾರತೊಡಗಿದರು. ಮುಂದೆ ಕಾನ್ಹೋಜಿ ಆಂಗ್ರೆ ಕೊಂಕಣದಲ್ಲಿ ನಿಂತು ತನ್ನ ರಹದಾರಿಯಿಲ್ಲದ ಹಡಗನ್ನು ಹಿಡಿದಾಗ ಯುರೋಪಿನವರೆಲ್ಲ ಅವನನ್ನು ಕಡಲುಗಳ್ಳನೆಂದು ಕರೆದರು. ಅವನು ಮಾಡಿದ್ದು ಅವರಿಂದ ಕಲಿತದ್ದನ್ನೇ.

ಇನ್ನು ನಮ್ಮ ಕರಾವಳಿಗೆ ಬರೋಣ. ವಿಜಯನಗರಕ್ಕೆ ಹೊರದೇಶದಿಂದ ಬೇಕಾಗಿದ್ದ ಮುಖ್ಯ ವಸ್ತು ಕುದುರೆ. ದಖ್ಖಣದ ಹವೆಯಲ್ಲಿ ಯುದ್ಧದ ಕುದುರೆ ಚೆನ್ನಾಗಿ ಬೆಳೆಯದು. ಬಹಮನಿಯವರ ಸವಾರರನ್ನು ಎದುರಿಸಲು ಅರಬ್ಬೀ ಕುದುರೆಯೇ ಆಗಬೇಕು. ಅದು ಒರ್ಮುಜ್, ಏಡನ್‌ಗಳಿಂದ ಹಡಗಿನಲ್ಲಿ ಭಟ್ಕಳ, ಹೊನ್ನಾವರಗಳಿಗೆ ಬಂದು ಇಳಿಯುತ್ತಿತ್ತು. ಸಾಳುವ ನರಸಿಂಹ ಮೂರು ಕುದುರೆಗೆ ಸಾವಿರ ವರಹದಂತೆ ಕೊಳ್ಳುತ್ತಿದ್ದನೆಂದೂ, ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ್ದ ಕುದುರೆಯಷ್ಟೇ ಹಣ ಕೊಡುತ್ತಿದ್ದನೆಂದೂ ನೂನಿಜ್ ಬರೆದಿದ್ದಾನೆ. ದುಂದು ಎಂದು ತೋರಬಹುದು. ಆದರೆ ಅದು ದುಂದಲ್ಲ, ದೂರದೃಷ್ಟಿ. ಸಮುದ್ರದ ಅಪಾಯವನ್ನು ಅರಸನೇ ಹೊತ್ತುಕೊಂಡರೆ ವರ್ತಕ ಧೈರ್ಯವಾಗಿ ಮತ್ತೆ ಬರುತ್ತಾನೆ. ಇಂದಿನ ವಿಮಾ ಕಂಪನಿಗಳ ಕೆಲಸವನ್ನು ಐನೂರು ವರ್ಷಗಳ ಹಿಂದೆ ಆ ಕುದುರೆಯ ಬಾಲ ಮಾಡುತ್ತಿತ್ತು.

ಪರಂಗಿಯವರ ಕಣ್ಣು ಬಿದ್ದದ್ದು ಇದರ ಮೇಲೆ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಹಿಡಿಯುವಂತೆ ಅವನಿಗೆ ಸಲಹೆಯಿತ್ತವನು ನಮ್ಮ ಹೊನ್ನಾವರ ಸೀಮೆಯ ನೌಕಾನಾಯಕ ತಿಮ್ಮೋಜಿ. ಪರಂಗಿಯವರ ಬರಹಗಳಲ್ಲಿ ಅವನು ‘ತಿಮೋಜ’. ಬಿಜಾಪುರದವರ ಮೇಲಿನ ಹಗೆಯಿಂದ ಅವನು ತೋರಿಸಿದ ದಾರಿಯಲ್ಲಿ ಬಂದವರು 1961ರವರೆಗೆ ಗೋವೆಯನ್ನು ಬಿಡಲಿಲ್ಲ. ಗೋವೆ ಕೈಸೇರಿದೊಡನೆ ಅಲ್ಬುಕರ್ಕ್ ಕುದುರೆಯ ಹಡಗುಗಳೆಲ್ಲ ಅಲ್ಲಿಗೇ ಬರಬೇಕೆಂದು ಕಟ್ಟಳೆ ಮಾಡಿದ. ಸಾಕಷ್ಟು ಕುದುರೆಗಳನ್ನು ತಂದ ಹಡಗಿನ ಉಳಿದ ಸರಕಿಗೆ ಸುಂಕದ ಮಾಫಿ. ಕೊಂಡೊಯ್ಯುವವನಿಂದ ಮಾತ್ರ ತಲೆಗೆ ಸುಮಾರು ನಲವತ್ತು ವರಹ ಸುಂಕ. 1515ರಲ್ಲಿ ಒರ್ಮುಜ್ ಕೂಡ ಅವನ ಕೈಗೆ ಬಂದ ಮೇಲೆ ದಾರಿಯ ಎರಡು ತುದಿಗಳಲ್ಲಿಯೂ ಅವರದೇ ಗೇಟು. ಆ ಹೊತ್ತಿಗೆ ಭಟ್ಕಳವನ್ನು ಕಂಡ ಬಾರ್ಬೋಸ, ಹಿಂದೆ ಇಲ್ಲಿಗೆ ಬರುತ್ತಿದ್ದ ಕುದುರೆಗಳು ಈಗ ಗೋವೆಗೆ ಹೋಗುತ್ತವೆ ಎನ್ನುತ್ತಾನೆ. ಜೊತೆಗೆ, ನಿಷೇಧವಿದ್ದರೂ ಕೆಲವು ಹಡಗುಗಳು ಕದ್ದು ಏಡನ್ನಿಗೆ ಹೋಗುತ್ತವೆ ಎಂಬ ಮಾತನ್ನೂ ಸೇರಿಸುತ್ತಾನೆ. ಕಟ್ಟಳೆ ಹುಟ್ಟಿ ಇನ್ನೂ ಹದಿನೈದು ವರ್ಷವಾಗಿರಲಿಲ್ಲ!

ಗೇಟು ಯಾರ ಕೈಯಲ್ಲಿದೆಯೋ ಅವನೊಡನೆ ಸ್ನೇಹ ಮಾಡಲು ರಾಜರು ಪೈಪೋಟಿ ನಡೆಸುವುದು ಸಹಜ. 1547ರಲ್ಲಿ ವಿಜಯನಗರಕ್ಕೂ ಗೋವೆಯ ಗವರ್ನರ್ ಜುವಾಂವ್ ದ ಕಾಸ್ತ್ರೊನಿಗೂ ಆದ ಒಪ್ಪಂದವನ್ನು ನೋಡಿದರೆ ಇಂದಿನ ಪತ್ರಿಕೆಗಳಲ್ಲಿ ಬರುವ ಆರ್ಥಿಕ ದಿಗ್ಬಂಧನದ ಸುದ್ದಿಯನ್ನು ಓದಿದಂತಾಗುತ್ತದೆ. ಕುದುರೆಗಳೆಲ್ಲ ವಿಜಯನಗರಕ್ಕೆ ಹೋಗಬೇಕು, ಬಿಜಾಪುರಕ್ಕೆ ಒಂದೂ ಹೋಗಕೂಡದು. ಪ್ರತಿಯಾಗಿ ವಿಜಯನಗರದ ವರ್ತಕರು ತಮ್ಮ ಸರಕನ್ನು ಅಂಕೋಲ, ಹೊನ್ನಾವರಗಳಿಗೇ ತರಬೇಕು, ಬಂಕಾಪುರದ ಕಡೆಯಿಂದ ಬರುವ ಪೆಟ್ಲುಪ್ಪನ್ನೂ ಕಬ್ಬಿಣವನ್ನೂ ಪರಂಗಿಯವರಿಗೇ ಮಾರಬೇಕು. ರಾಮರಾಯನಿಗೆ ಇದು ದೊಡ್ಡ ಜಯವೆಂದು ತೋರಿರಬೇಕು. ಮರುವರ್ಷವೇ ಗೋವೆಯವರು ಬಿಜಾಪುರದೊಡನೆಯೂ ಸಂಧಿ ಮಾಡಿಕೊಂಡರು. ಸುಂಕದವನಿಗೆ ಗಿರಾಕಿಗಳು ಇಬ್ಬರಿದ್ದರೆ ಒಬ್ಬನಿಗಿಂತ ಲಾಭ ಹೆಚ್ಚು. ಇಷ್ಟಕ್ಕೂ ವಿಜಯನಗರದ ಅರಸರು ಮೂರು ತಲೆಮಾರು ಕುದುರೆಗಾಗಿ ಗೋವೆಯ ಬಾಗಿಲಲ್ಲಿ ನಿಲ್ಲುವ ಬದಲು ಭಟ್ಕಳದಲ್ಲಿ ಒಂದು ನೌಕಾಪಡೆಯನ್ನು ಏಕೆ ಕಟ್ಟಲಿಲ್ಲ ಎಂಬುದು ನನಗೆ ಸದಾ ಕಾಡುವ ಪ್ರಶ್ನೆ. ಬಾಲಕ್ಕೆ ಕೊಟ್ಟ ಹಣದಲ್ಲಿಯೇ ನಾಲ್ಕು ಹಡಗು ಕಟ್ಟಬಹುದಿತ್ತು.

1565ರಲ್ಲಿ ತಾಳಿಕೋಟೆಯ ಯುದ್ಧವಾಯಿತು. ವಿಜಯನಗರ ಹಾಳಾದದ್ದರಿಂದ ನಷ್ಟ ಯಾರು ಯಾರಿಗೆ ಎಂದು ಲೆಕ್ಕ ಹಾಕುವಾಗ ನಾವು ಗೋವೆಯನ್ನು ಮರೆಯುತ್ತೇವೆ. ಗೋವೆಯವರು ಮರೆಯಲಿಲ್ಲ. ಕುದುರೆ, ಮಖಮಲ್ಲು, ರೇಷ್ಮೆಗಳನ್ನು ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಹೋದದ್ದರಿಂದ ತಮ್ಮ ಸುಂಕದ ಉತ್ಪತ್ತಿ ಕುಗ್ಗಿತೆಂದು ಅವರ ಚರಿತ್ರಕಾರ ಕೌತೊ ಹಲುಬಿದ್ದಾನೆ. ಇದರಲ್ಲಿ ಆಶ್ಚರ್ಯವಿಲ್ಲ. ಆ ಶತಮಾನದ ಕೊನೆಯ ಹೊತ್ತಿಗೆ ಪರಂಗಿಯವರ ಪೂರ್ವದೇಶದ ರಾಜ್ಯದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಗೋವೆ, ದೀವು, ಒರ್ಮುಜ್ ಮೊದಲಾದ ಸುಂಕದ ಕಟ್ಟೆಗಳಿಂದಲೇ ಬರುತ್ತಿತ್ತು. ಮೆಣಸಿಗಾಗಿ ಬಂದವರು ಸುಂಕದಿಂದ ಬದುಕುತ್ತಿದ್ದರು. ವ್ಯಾಪಾರವನ್ನು ತಡೆಯುವುದಕ್ಕಾಗಿ ಕಟ್ಟಿದ ಗೋಡೆ ವ್ಯಾಪಾರ ನಿಂತರೆ ಉಪವಾಸ ಬೀಳುವ ಸ್ಥಿತಿಗೆ ಬಂದಿತ್ತು.

ಮೆಣಸಿನ ಕಥೆಯಂತೂ ಇನ್ನೂ ಸ್ವಾರಸ್ಯವಾದದ್ದು. ಘಟ್ಟದ ಮೇಲಿನ ಸೋದೆ, ಬಿಳಗಿ, ಗೇರುಸೊಪ್ಪೆಗಳ ಕಾಡುತೋಟಗಳ ಮೆಣಸು ಬಹಳ ಒಳ್ಳೆಯದೆಂದು ಹೆಸರಾಗಿತ್ತು. ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಪರಂಗಿಯವರು ‘ಮೆಣಸಿನ ರಾಣಿ’ ಎಂದೇ ಕರೆಯುತ್ತಿದ್ದರು. ಸರಕು ಒಬ್ಬರಿಗೇ ಮಾರಬೇಕು, ಬೆಲೆಯನ್ನು ಕೊಳ್ಳುವವನೇ ಕಟ್ಟಬೇಕು ಎಂಬುದು ಪರಂಗಿಯವರ ನೀತಿ. ಕೊಚ್ಚಿಯಲ್ಲಿ 1503ರಲ್ಲಿ ಕಟ್ಟಿದ ಮೆಣಸಿನ ಬೆಲೆ ಮುಂದೆ ಎಷ್ಟೋ ದಶಕಗಳವರೆಗೆ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಅಕ್ಕಿ, ಬಟ್ಟೆ, ಕೂಲಿ ಎಲ್ಲವೂ ಏರಿದರೂ ಮೆಣಸಿನ ಬೆಲೆ ಏರಬಾರದು. ಇಂಥ ಬೆಲೆಗೆ ಯಾವ ಬೆಳೆಗಾರ ಒಳ್ಳೆಯ ಮಾಲು ಕೊಡುತ್ತಾನೆ? ಒದ್ದೆ ಮೆಣಸು, ಮಣ್ಣು ಬೆರೆತ ಮೆಣಸು ಕೋಟೆಯ ತಕ್ಕಡಿಗೆ ಹೋಯಿತು. ಒಣಗಿದ ಗಟ್ಟಿ ಕಾಳು ಎತ್ತಿನ ಬೆನ್ನೇರಿ ಘಟ್ಟದಾಚೆಗೋ, ರಾತ್ರಿಯ ದೋಣಿಯಲ್ಲಿ ಮೆಕ್ಕಾದ ಹಡಗಿಗೋ ಹೋಯಿತು.

ಅಲ್ಬುಕರ್ಕ್ 1513ರಲ್ಲಿ ಏಡನ್ನನ್ನು ಮುತ್ತಿ ಸೋತಿದ್ದ. ಆ ಒಂದು ಬಾಗಿಲು ಮುಚ್ಚದೆ ಉಳಿದದ್ದರಿಂದ ಕೆಂಪು ಸಮುದ್ರದ ಹಳೆಯ ದಾರಿ ಮತ್ತೆ ಜೀವ ಹಿಡಿಯಿತು. 1550, 60ರ ದಶಕಗಳಲ್ಲಿ ಅಲೆಕ್ಸಾಂಡ್ರಿಯದ ಮೂಲಕ ವೆನಿಸ್ ನಗರಕ್ಕೆ ಹೋಗುತ್ತಿದ್ದ ಮೆಣಸು ಲಿಸ್ಬನ್ನಿಗೆ ಬರುತ್ತಿದ್ದ ಮೆಣಸಿಗೆ ಸರಿಸಮನಾಗಿತ್ತು, ಕೆಲವು ವರ್ಷ ಹೆಚ್ಚೇ ಇತ್ತು. ಇದಕ್ಕೆ ಕಾರಣ ಏಡನ್ ಒಂದೇ ಅಲ್ಲ. ಕೋಟೆಯ ಕಪ್ತಾನರಿಗೆ ಸಂಬಳ ಕಡಿಮೆ, ಅವಧಿ ಮೂರು ವರ್ಷ, ಊರಿಗೆ ಹಿಂದಿರುಗುವಾಗ ಸಿರಿವಂತರಾಗಿರಬೇಕೆಂಬ ಆಸೆ ದೊಡ್ಡದು. ಅವರು ತಮ್ಮ ರಾಜನ ಕಣ್ಣು ತಪ್ಪಿಸಿ ಸ್ವಂತ ವ್ಯಾಪಾರ ನಡೆಸಿದರು. ನಿಷಿದ್ಧ ಸರಕಿನ ಹಡಗನ್ನು ಕಾಣದಂತೆ ಇರುವುದಕ್ಕೂ ಬೆಲೆ ಕಟ್ಟಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದ ಯಜಮಾನ ಲಿಸ್ಬನ್ನಿನಲ್ಲಿ ಕುಳಿತು ಏನು ಮಾಡಿಯಾನು? ಗೇಟಿನ ಮೇಲೆ ಗೇಟು ಹಾಕಿದಷ್ಟೂ ಬೀಗದ ಕೈ ಹಿಡಿದವರ ಸಂಖ್ಯೆ ಹೆಚ್ಚುತ್ತದೆ.

ಈಗ ಅಕ್ಕಿಯ ಮಾತು. ಕುದುರೆ, ಮೆಣಸುಗಳ ಗದ್ದಲದಲ್ಲಿ ಚರಿತ್ರೆಯ ಪುಸ್ತಕಗಳು ಇದನ್ನು ಮೂಲೆಗೆ ತಳ್ಳಿವೆ. ಆದರೆ ಕರ್ತಾಜಿನ ಹಣೆಬರಹವನ್ನು ಬರೆದದ್ದು ಇದೇ ಎಂದು ನನ್ನ ಎಣಿಕೆ. ಬಾರ್ಕೂರು, ಬಸರೂರು, ಮಂಗಳೂರುಗಳ ಅಕ್ಕಿಯಲ್ಲಿ ನಾಲ್ಕು ತರಗಳನ್ನು ಬಾರ್ಬೋಸ ಹೆಸರಿಸಿ, ಒಂದೊಂದಕ್ಕೆ ಒಂದೊಂದು ಬೆಲೆ ಎಂದಿದ್ದಾನೆ. ಹುಲ್ಲಿನಲ್ಲಿ ಸುತ್ತಿ ಬಿಗಿದ ದುಂಡನೆಯ ಕಟ್ಟುಗಳಲ್ಲಿ ಅದನ್ನು ಹಡಗಿಗೆ ಏರಿಸುತ್ತಿದ್ದರೆಂಬುದನ್ನೂ ಗಮನಿಸಿದ್ದಾನೆ. ದಕ್ಷಿಣ ಕನ್ನಡದವರಿಗೆ ಇದು ಏನೆಂದು ಹೇಳಬೇಕಾಗಿಲ್ಲ. ಅದು ಮುಡಿ, ನಲವತ್ತೆರಡು ಸೇರಿನ ಅಕ್ಕಿಮುಡಿ. ಗಾಳಿಯಾಡುತ್ತದೆ, ಹುಳು ಹಿಡಿಯುವುದಿಲ್ಲ, ಮಳೆಗಾಲ ಕಳೆದರೂ ಕೆಡುವುದಿಲ್ಲ. ಹಡಗಿನ ಹೊಟ್ಟೆಯಲ್ಲಿ ಉರುಳಿಸಿ ಜೋಡಿಸಲು ಇದಕ್ಕಿಂತ ಒಳ್ಳೆಯ ಕಟ್ಟು ಇಲ್ಲ.

ಈ ಮುಡಿಗಳು ಮಲಬಾರಿಗೆ ಹೋದುವು, ಒರ್ಮುಜ್‌ಗೆ ಹೋದುವು, ಮಸ್ಕತ್ತಿಗೆ ಹೋದುವು. ಎಲ್ಲಕ್ಕಿಂತ ಮಿಗಿಲಾಗಿ ಗೋವೆಗೆ ಹೋದುವು. ಪೂರ್ವದ ರೋಮ್ ನಗರವೆಂದು ಮೆರೆದ ಗೋವೆಯ ಸುತ್ತ ಅದರ ಜನಕ್ಕೆ ಸಾಲುವಷ್ಟು ಗದ್ದೆಗಳಿರಲಿಲ್ಲ. ಮೆಣಸು ತಿಂದರೆ ಹೊಟ್ಟೆ ತುಂಬದಷ್ಟೆ. ವರ್ಷವರ್ಷವೂ ಕನ್ನಡ ಕರಾವಳಿಯಿಂದ ಅಕ್ಕಿಯ ಹಡಗುಗಳ ಸಾಲು ಗೋವೆಯ ಕಡೆಗೆ ಹೊರಡುತ್ತಿತ್ತು; ಮಲಬಾರಿನ ಕಡಲಯೋಧರು ದೋಚದಂತೆ ಪರಂಗಿಯವರ ಯುದ್ಧನೌಕೆಗಳು ಅದರ ಕಾವಲಿಗೆ ಬರುತ್ತಿದ್ದುವು. ದೃಶ್ಯವನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ಕಾಗದವಿಲ್ಲದ ಹಡಗನ್ನು ಸುಡುವ ಅದೇ ತೋಪುಗಳು ಬಸರೂರಿನ ಸೆಟ್ಟರ ಅಕ್ಕಿಗೆ ಬೆಂಗಾವಲಾಗಿ, ಹಿಂದೊಂದು ಮುಂದೊಂದು ತೇಲುತ್ತಿವೆ.

1568–69ರಲ್ಲಿ, ವಿಜಯನಗರ ಬಿದ್ದ ಸಮಯ ನೋಡಿ, ಪರಂಗಿಯವರು ಮಂಗಳೂರು, ಹೊ��್ನಾವರ, ಬಸರೂರುಗಳಲ್ಲಿ ಕೋಟೆ ಕಟ್ಟಿಕೊಂಡರು. ಇಕ್ಕೇರಿಯ ನಾಯಕರು ಬಲಿತಂತೆಲ್ಲ ಈ ಕೋಟೆಗಳು ಸಾಗರದಲ್ಲಿಯ ದ್ವೀಪಗಳಂತಾದುವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಬಂದದ್ದು ಗೋವೆಯ ರಾಯಭಾರಿಯ ಜೊತೆಯಲ್ಲಿ. ನಾಯಕನ ಪರವಾಗಿ ಜೊತೆಗಿದ್ದವನು ವಿಠಲ ಶೆಣೈ. ವೆಂಕಟಪ್ಪ ನಾಯಕನೊಡನೆ ಆಡಬೇಕಾಗಿದ್ದ ಮುಖ್ಯ ಮಾತುಗಳಲ್ಲಿ ಮೆಣಸಿನದೊಂದು. ನೂರು ವರ್ಷಗಳ ಹಿಂದೆ ಭಟ್ಕಳಕ್ಕೆ ಬಂದವರು ತೋಪಿನ ಬಾಯಿಂದ ಷರತ್ತು ಹೇಳಿದ್ದರು. ಈಗ ಘಟ್ಟ ಹತ್ತಿ, ಅರಮನೆಯ ಅಪ್ಪಣೆಗೆ ಕಾದು ನಿಂತು, ಬೆಲೆಯ ಮಾತಾಡಬೇಕಾಗಿತ್ತು. ಅದರ ಹಿಂದಿನ ವರ್ಷವೇ ಒರ್ಮುಜ್ ಅವರ ಕೈಬಿಟ್ಟಿತ್ತು. 1650ರಲ್ಲಿ ಮಸ್ಕತ್ ಹೋಯಿತು. ಬೆನ್ನಹಿಂದೆಯೇ, 1652–54ರ ಸುಮಾರಿಗೆ, ಶಿವಪ್ಪ ನಾಯಕ ಕರಾವಳಿಯ ಅವರ ಕೋಟೆಗಳನ್ನೆಲ್ಲ ಕಿತ್ತುಕೊಂಡ.

ಕೋಟೆ ಹೋದರೂ ಗೋವೆಯ ಹಸಿವು ಹೋಗಬೇಕಲ್ಲ! ಮತ್ತೆ ಮತ್ತೆ ಸಂಧಿಗಳಾದುವು. ಚೆನ್ನಮ್ಮಾಜಿಯ ಕಾಲದಲ್ಲಿ, 1678ರಲ್ಲಿ, ಮಂಗಳೂರಿನಲ್ಲಿ ಒಂದು ಕೋಠಿಯನ್ನು ಇಟ್ಟುಕೊಳ್ಳಲು ಅವರಿಗೆ ಅನುಮತಿ ಸಿಕ್ಕಿತು. ಆದರೆ ಹಳೆಯ ಚಾಳಿ ಬಿಡಲಿಲ್ಲ. ಮಸ್ಕತ್ತಿನ ಅರಬರು ಈಗ ಅವರ ಕಡುವೈರಿಗಳು. ಆ ಅರಬರಿಗೆ ಕನ್ನಡ ನಾಡಿನ ಅಕ್ಕಿ ಸಿಗಬಾರದು. ಈ ತಡೆಯ ಏಟು ಬಿದ್ದದ್ದು ಯಾರ ಮೇಲೆ? ಅಕ್ಕಿ ನಿಂತಿತೆಂಬ ಸಿಟ್ಟಿನಲ್ಲಿ ಅರಬರು 1695ರಲ್ಲಿ ಬಂದು ಮಂಗಳೂರಿಗೆ ಬೆಂಕಿಯಿಟ್ಟರು. ಅರಬರಿಗೆ ಅಕ್ಕಿ ಮಾರಿದರೆಂಬ ಸಿಟ್ಟಿನಲ್ಲಿ ಪರಂಗಿಯವರು 1713ರಲ್ಲಿ ಬಂದು ಬಸರೂರಿನಿಂದ ಕುಮಟೆಯವರೆಗೆ ಬಂದರುಗಳನ್ನು ಹಾಳುಗೆಡವಿದರು. ಮರುವರ್ಷ ಅರಬರನ್ನು ಸೇರಿಸುವುದಿಲ್ಲವೆಂದು ನಾಯಕರಿಂದ ಬರೆಸಿಕೊಂಡರು. ಮಾರಿದರೂ ಬೆಂಕಿ, ಮಾರದಿದ್ದರೂ ಬೆಂಕಿ. ಗದ್ದೆಯಲ್ಲಿ ನಟ್ಟಿ ಮಾಡಿದವರಿಗೆ, ಹುಲ್ಲು ಹೊಸೆದು ಮುಡಿ ಕಟ್ಟಿದವರಿಗೆ, ಗಂಗೊಳ್ಳಿಯ ಅಳಿವೆಯಲ್ಲಿ ದೋಣಿ ನಡೆಸಿದವರಿಗೆ ಈ ಎರಡು ಸಿಟ್ಟುಗಳಲ್ಲಿ ಯಾವುದೂ ಸಂಬಂಧಪಟ್ಟದ್ದಲ್ಲ. 2023ರ ಜುಲೈನಲ್ಲಿ ಭಾರತ ಸರಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿ, ಮರುವರ್ಷ ಸೆಪ್ಟೆಂಬರಿನಲ್ಲಿ ಬಿಟ್ಟಾಗ, ದೂರದೇಶಗಳ ಅಂಗಡಿಗಳಲ್ಲಿ ನೂಕುನುಗ್ಗಲಾದದ್ದನ್ನು ನಾವು ಓದಿದೆವು. ಪುಣ್ಯಕ್ಕೆ ಈ ಸಲ ಯಾವ ಬಂದರೂ ಉರಿಯಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡಬಹುದು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಈ ಕರಾವಳಿಯ ಒಡೆಯನಾದ. ಟಿಪ್ಪು ಸುಲ್ತಾನ ಮಸ್ಕತ್ತಿನಲ್ಲಿ ತನ್ನದೇ ಕೋಠಿ ಇಟ್ಟ. ಮೆಣಸು, ಶ್ರೀಗಂಧ, ಏಲಕ್ಕಿಗಳನ್ನು ಇಂಗ್ಲಿಷರಿಗೆ ಮಾರಕೂಡದೆಂದು ಕಟ್ಟಳೆ ಮಾಡಿದ. ಅಂದರೆ ಬಾಗಿಲು ಮುಚ್ಚುವ ವಿದ್ಯೆ ಈಗ ನಮ್ಮವರ ಕೈಯಲ್ಲಿತ್ತು. ಘಟ್ಟದ ಬೆಳೆಗಾರನಿಗೆ ಕೊಳ್ಳುವವನು ಮತ್ತೆ ಒಬ್ಬನೇ ಆದ. ಈ ಒಬ್ಬನು ನಮ್ಮವನೆಂಬುದರಿಂದ ಮೆಣಸಿಗೆ ಒಳ್ಳೆಯ ಬೆಲೆ ಬಂದಿತೆಂದು ಹೇಳುವ ಧೈರ್ಯ ನನಗಿಲ್ಲ.

ಶ್ರೀರಂಗಪಟ್ಟಣ ಬಿದ್ದ ಮೇಲೆ, 1801ರ ಆರಂಭದಲ್ಲಿ, ಕಂಪನಿಯ ಅಪ್ಪಣೆಯಂತೆ ದೇಶ ಸುತ್ತುತ್ತಿದ್ದ ಡಾಕ್ಟರ್ ಬುಕಾನನ್ ಮಂಗಳೂರಿಗೆ ಬಂದ. ಇಲ್ಲಿಂದ ಏನೇನು ಹೊರಗೆ ಹೋಗುತ್ತದೆಂದು ವಿಚಾರಿಸಿ ಬರೆದುಕೊಂಡ. ಎಲ್ಲಕ್ಕಿಂತ ಮುಖ್ಯವಾದದ್ದು ಅಕ್ಕಿ. ಅದು ಹೋಗುವ ಊರುಗಳು: ಮಸ್ಕತ್, ಬೊಂಬಾಯಿ, ಗೋವೆ, ಮಲಬಾರು.